ಪಬ್ಬಿನ ಬಡೇಸೋಪಿನಲ್ಲಿದ್ದ ಸಕ್ಕರೆ

ಸಂಶಿ, ತಾಲೂಕು ಕುಂದಗೋಳ, ಜಿಲ್ಲೆ ಧಾರವಾಡ

ಬೆಂಗಳೂರು ಸಿಟಿ ರೈಲ್ವೆ ಸ್ಟೇಷನ್ನಿನ ಬಾಜು ಇರುವ ರೆಡ್ ಅಂಬ್ರೆಲಾ ಪಬ್ಬಿಗೂ ಅದರ ಉಳಿದ ನಾಲ್ಕು ಶಾಖೆಗಳಿಗೂ ಒಡೆಯರಾದ ಮಹನೀಯರ ಸನ್ನಿಧಿಗೆ,

ಮಾನ್ಯರೇ,

ತಮಗೂ, ತಮ್ಮ ಐದೂ ಶಾಖೆಗಳಿಗೂ, ಬಾಗಿಲ ಮೇಲೆ ಹಾಡಹಗಲಲ್ಲೇ ಉರಿಯುವ ಕೆಂಪು ದೀಪದ ಛತ್ರಿಗೂ ಸಂಶಿಯಿಂದ ಮಡಿವಾಳೆಪ್ಪನ ಶರಣುಗಳು. ಹೊರಗೆ ಬಿಸಿಲೋ ಮಳೆಯೋ ಎಂಬುದು ಒಳಗೆ ಕುಳಿತವರಿಗೆ ಗೊತ್ತೇ ಆಗದಂತೆ ಕಾಯುವ ಆ ಛತ್ರಿ ಎಂದೆಂದೂ ಮಡಚದಿರಲಿ ಎಂದು ಹಾರೈಸಿ ಈ ಪತ್ರವನ್ನು ಆರಂಭಿಸುತ್ತೇನೆ. ನಾನು ಕಲಿತದ್ದು ನಾಲ್ಕನೇ ಇಯತ್ತೆಯವರೆಗೆ. ಹೊಸಬರ ಎದುರು ನನಗೆ ಬಾಯಿ ಬರುವುದಿಲ್ಲ, ಕಾಗದದ ಎದುರು ಬರುತ್ತದೆ. ನಿಮ್ಮ ಪಬ್ಬಿನಲ್ಲೇ ಹೇಳಬೇಕಾಗಿದ್ದನ್ನು ಊರಿಗೆ ಬಂದು ಬರೆಯುತ್ತಿರುವುದಕ್ಕೆ ಕಾರಣ ಅಷ್ಟೇ, ತಾವು ಬೇರೆ ಭಾವಿಸಬಾರದು.

ಇದನ್ನು ಮುಚ್ಚಿದ ಲಕೋಟೆಯಲ್ಲಿ ಕಳಿಸದೆ ಪತ್ರಿಕೆಗೆ ಕೊಟ್ಟದ್ದಕ್ಕೂ ಕಾರಣವಿದೆ. ನಾಲ್ಕು ಮಂದಿಯ ಎದುರು ತಿಂದ ಸಕ್ಕರೆಯನ್ನು ನಾಲ್ಕು ಮಂದಿಯ ಎದುರಿಗೇ ಹಿಂದಿರುಗಿಸಬೇಕು ಎಂಬುದು ನಮ್ಮ ಅಕ್ಕ ಅನ್ನವ್ವನ ಅಭಿಪ್ರಾಯ. ಯಾವ ಸಕ್ಕರೆ ಎಂದು ತಾವು ಕೇಳಬಹುದು. ಅಲ್ಲಿಗೇ ಬರುತ್ತಿದ್ದೇನೆ.

ಅನ್ನವ್ವ ಹೊಲಿಗೆ ಮಶೀನು ತುಳಿಯುವವಳು. ಬಾಜು ಮನೆಯ ಮಲಿಕಾಬಿಯಿಂದ ಕೆಲಸ ಕಲಿತು, ಈಗ ಸಂಶಿಯ ಅರ್ಧ ಹೆಣ್ಣುಮಕ್ಕಳ ಕುಪ್ಪಸಗಳನ್ನು ತಾನೊಬ್ಬಳೇ ಹೊಲಿಯುತ್ತಾಳೆ. ಅವಳಿಗೆ ಒಂದು ಸಂಬಂಧ ಬಂದಿತು. ಹುಡುಗ ಕಲಘಟಗಿ ತಾಲೂಕಿನ ಬಮ್ಮಿಗಟ್ಟಿಯ ಕುಬೇರಪ್ಪ, ಬೆಂಗಳೂರಿನಲ್ಲಿ ಲೇತ್ ಮಶೀನಿನ ಮೇಲೆ ಕೆಲಸ ಮಾಡುವವನು. ಹೆಣ್ಣಿನ ಕಡೆಯವರು ಹೋಗಿ ಗಂಡಿನ ಮನೆ ನೋಡಿ ಬರುವುದು ನಮ್ಮಲ್ಲಿಯ ಪದ್ಧತಿ. ಆದರೆ ಹುಡುಗನ ಸೋದರಮಾವ ಶಂಕ್ರಪ್ಪನವರು, ಹುಡುಗನ ಖೋಲಿ ದೂರದಲ್ಲಿದೆ, ದಾರಿ ತಪ್ಪುತ್ತೀರಿ, ಸ್ಟೇಷನ್ನಿನ ಬಾಜುವೇ ಐದು ಶಾಖೆಗಳ ದೊಡ್ಡ ಕಂಪನಿಯ ಹೊಟೇಲಿದೆ, ಅಲ್ಲಿಯೇ ಕೂತು ಮಾತಾಡೋಣ ಎಂದು ಹೇಳಿ ಕಳಿಸಿದರು. ಹೀಗೆ ಖೋಲಿ ನೋಡಬೇಕಾದವರು ತಮ್ಮ ಪಬ್ಬನ್ನು ನೋಡುವ ಭಾಗ್ಯ ಪಡೆದೆವು.

ಹೊರಡುವ ದಿನ ಅನ್ನವ್ವ ಮಶೀನಿನ ಮೇಲಿಂದ ತಲೆಯೆತ್ತದೆ ನನಗೆ ಹೇಳಿದ್ದು ಒಂದೇ ಮಾತು. “ಅವರ ಖೋಲಿಯೊಳಗ ನನ್ನ ಮಶೀನ ಇಡಾಕ ಜಾಗಾ ಐತೇನ ಕೇಳಕೊಂಡ ಬಾ. ಇಲ್ಲಂದ್ರ ಸುಮ್ನ ಹೊಳ್ಳಿ ಬರ್ರಿ. ನನ್ನ ಕೇಳಲಾರದ ಸಕ್ಕರಿ ಮಾತ್ರ ತಿನ್ನಬ್ಯಾಡ್ರಿ.” ಬೆಂಗಳೂರಿನ ಕಂಪನಿಗಳಿಗೆ ಇದು ತಿಳಿದಿರಲಿಕ್ಕಿಲ್ಲವೆಂದು ವಿವರಿಸುತ್ತೇನೆ: ಸಂಬಂಧ ನೋಡಲು ಹೋದಾಗ ಚಹಾ ಕುಡಿದರೆ ಮಾತು ಕೊಟ್ಟಂತಲ್ಲ, ಊಟ ಉಂಡರೂ ಅಲ್ಲ, ಆದರೆ ಗಂಡಿನವರ ಎದುರು ಹಿರಿಯರು ಸಕ್ಕರೆ ಬಾಯಿಗೆ ಹಾಕಿಕೊಂಡರೆ ಹೆಣ್ಣು ಕೊಟ್ಟಂತೆ. ಆಮೇಲೆ ಮಾತು ತಿರುಗಿಸಿದರೆ ಊರಲ್ಲಿ ಮುಖ ತೋರಿಸುವಂತಿಲ್ಲ. ನನ್ನ ಜೊತೆಗೆ ಬಂದ ಹಿರಿಯರು ನಮ್ಮ ಕಾಕಾ ಈರಬಸಪ್ಪ. ಸಂಶಿಯ ಸಂತೆಯಲ್ಲಿ ಕಾಕಾ ಒಮ್ಮೆ ತಲೆಯಾಡಿಸಿದರೆ ಎತ್ತಿನ ವ್ಯಾಪಾರ ಮುಗಿಯಿತು, ಎರಡನೇ ಮಾತಿಲ್ಲ. ಅಂಥವರ ಮಾತು ಈಗ ತಮ್ಮ ಕಂಪನಿಯ ಒಂದು ಸಣ್ಣ ಸ್ಟೀಲಿನ ಬಟ್ಟಲಲ್ಲಿ ಸಿಕ್ಕಿಕೊಂಡಿದೆ.

ತಮ್ಮ ಪಬ್ಬಿನ ಗದ್ದಲವನ್ನು ಎಷ್ಟು ಹೊಗಳಿದರೂ ಕಡಿಮೆ. ರೈಲು ಹಿಡಿಯುವವರು, ರೈಲು ತಪ್ಪಿಸಿಕೊಂಡವರು, ತಪ್ಪಿಸಿಕೊಳ್ಳಲೆಂದೇ ಬಂದವರು, ಎಲ್ಲರೂ ಕಾಲ ನಡುವೆ ಸೂಟ್‌ಕೇಸು ಇಟ್ಟುಕೊಂಡು, ತಂಬಿಗೆಯಷ್ಟು ದೊಡ್ಡ ಗಾಜಿನ ಮಗ್ಗುಗಳನ್ನು ಹಿಡಿದು ನಡುಮಧ್ಯಾಹ್ನ ಹೆಗಲಿಗೆ ಹೆಗಲು ತಾಗಿಸಿ ನಿಂತಿದ್ದರು. ವಿಭೂತಿ ಹಚ್ಚಿದ, ಬಿಳಿ ಟೋಪಿ ಧೋತರದ ನಮ್ಮ ಕಾಕಾನಿಗೆ ಯಾರೂ ದಾರಿ ಬಿಡಲಿಲ್ಲ, ಯಾರೂ ತಡೆಯಲೂ ಇಲ್ಲ. ಇಂಥ ಸಮಾನತೆಯನ್ನು ನಾವು ಪುರಾಣದ ಕಟ್ಟೆಯ ಮೇಲೆ ಬರೀ ಕೇಳಿದ್ದೆವು.

ಶಂಕ್ರಪ್ಪನವರೂ ಕುಬೇರಪ್ಪನೂ ಮೊದಲೇ ಬಂದು ಒಂದು ಮೂಲೆಯ ಮೇಜು ಹಿಡಿದಿದ್ದರು. ನಾವು ಕೂತೊಡನೆ ಕೊರಳಿಗೆ ಕಪ್ಪು ಚಿಟ್ಟೆ ಕಟ್ಟಿಕೊಂಡ ತಮ್ಮ ವೇಟರು ಬಂದು ಏನು ಬೇಕೆಂದು ಕೇಳಿದ. ಕಟ್ಟಿಕೊಂಡು ಬಂದ ಬುತ್ತಿ ಅರಸೀಕೆರೆಯಲ್ಲಿಯೇ ತೀರಿತ್ತು, ಹೊಟ್ಟೆ ಚುರುಗುಟ್ಟುತ್ತಿತ್ತು. ಹೀಗಾಗಿ ಕಾಕಾ ಮರ್ಯಾದಸ್ಥರು ಹೇಳುವಂತೆ, “ಈಗ ಆತ್ರಿ, ಏನೂ ಬ್ಯಾಡ್ರಿ” ಎಂದರು. ವೇಟರು ಸರಿ ಎಂದು ಹೋಗಿಬಿಟ್ಟ. ಮಾನ್ಯರೇ, ನಮ್ಮ ಕಡೆ ಮೊದಲನೇ ಸಲ ಕೇಳುವುದು ಕೇಳಿದಂತಲ್ಲ, ಬೇಡವೆನ್ನುವುದು ಬೇಡವೆಂದಂತಲ್ಲ. ಎರಡನೇ ಸಲಕ್ಕೆ “ಇರ್ಲಿ ಬಿಡ್ರಿ” ಎನ್ನಬೇಕು, ಮೂರನೇ ಸಲಕ್ಕೆ “ನಿಮ್ಮ ಮನಸ ಮುರಿಬಾರ್ದಂತ ತಗೋತೀನ್ರಿ” ಎನ್ನಬೇಕು. ನಮ್ಮ ಖಾನಾವಳಿಗಳಲ್ಲಿ ತಾಟಿನ ಮೇಲೆ ಎರಡೂ ಕೈ ಅಡ್ಡ ಹಿಡಿದರೂ ಬೆರಳ ಸಂದಿಯಿಂದ ಸಾರು ಬಿಡುತ್ತಾರೆ. ಕಾಕಾ ವೇಟರು ಹೋದ ದಿಕ್ಕನ್ನೇ ನೋಡುತ್ತ, “ತಡಿ, ಎರಡನೇ ಸಲ ಕೇಳಾಕ ಬರ್ತಾನ” ಎಂದು ನನಗೆ ಧೈರ್ಯ ಹೇಳಿದರು. ಆ ವೇಟರು ನಮ್ಮ ಮುಂದಿನಿಂದ ಎಷ್ಟೋ ಸಲ ಹಾದುಹೋದ. ಹೋದಾಗೊಮ್ಮೆ ಕಾಕಾ ಬೇಡವೆನ್ನಲು ಸಿದ್ಧರಾಗಿ ಕೂತರು. ಅವನು ಕೇಳಲೇ ಇಲ್ಲ.

ಆದರೂ ಈ ವಿಷಯದಲ್ಲಿ ನಾನು ತಮಗೆ ಋಣಿ. ಶಂಕ್ರಪ್ಪನವರ ಮಗ್ಗು ಬಂದಾಗ ಕಾಕಾ ನನ್ನ ಕಿವಿಗೆ ಬಾಗಿ, “ಕಬ್ಬಿನಹಾಲು ಭಾಳ ಚಲೋ ಬಂದೈತಿ, ಬುರುಗು ನೋಡು. ಗಾಣ ಹಿಂದೈತೇನ?” ಎಂದರು. ತಮ್ಮ ವೇಟರು ಸಂಭಾವಿತನಾಗಿದ್ದು ಮೂರು ಸಲ ಕೇಳಿಬಿಟ್ಟಿದ್ದರೆ, ಕೊರಳಲ್ಲಿ ಲಿಂಗ ಕಟ್ಟಿಕೊಂಡ ನಮ್ಮ ಕಾಕಾ ಅವನ ಮನಸ್ಸು ಮುರಿಯಬಾರದೆಂದು ಆ ಕಬ್ಬಿನಹಾಲನ್ನು ಕುಡಿದೇಬಿಡುತ್ತಿದ್ದರು. ತಮ್ಮ ಕಂಪನಿಯ ಅಸಡ್ಡೆಯೇ ನಮ್ಮ ಮನೆತನದ ಆಚಾರವನ್ನು ಕಾಪಾಡಿತು. ಐದೂ ಶಾಖೆಗಳಲ್ಲಿ ಇದೇ ಅಸಡ್ಡೆಯನ್ನು ಉಳಿಸಿಕೊಂಡು ಬರಬೇಕೆಂದು ಕೈಮುಗಿದು ಬೇಡುತ್ತೇನೆ.

ಇನ್ನು ಅಕ್ಕನ ಪ್ರಶ್ನೆ. ಕುಬೇರಪ್ಪ ನನ್ನ ಎದುರಿಗೇ ಕೂತಿದ್ದ. ಅವನೂ ಏನೂ ಬೇಡವೆಂದು, ಸೋದರಮಾವನ ಶೇಂಗಾ ತಾಟನ್ನು ನೋಡುತ್ತ ಕೂತಿದ್ದ. ತಮ್ಮ ಹಾಡಿನ ಡಬ್ಬಿ ನಮ್ಮ ತಲೆಯ ಮೇಲೆಯೇ ಇದ್ದು, ಅದರೊಳಗೆ ಯಾರೋ ಇಂಗ್ಲಿಷಿನಲ್ಲಿ ಬಹಳ ಕಷ್ಟಪಡುತ್ತಿದ್ದರು. ನಾನು ಜೀವ ಗಟ್ಟಿ ಮಾಡಿಕೊಂಡು, “ನಿಮ್ಮ ಖೋಲಿಯೊಳಗ ಹೊಲಿಗಿ ಮಶೀನಿಗೆ ಜಾಗಾ ಐತ್ರೇನು?” ಎಂದು ಕೇಳಿದೆ. ಕುಬೇರಪ್ಪ ಹೂಂ ಎಂದು ತಲೆಯಾಡಿಸಿದ. ನನಗೆ ಹಿಗ್ಗಾಯಿತು, ಆದರೂ ಏಕೋ ಅನುಮಾನ ಬಂದು, “ಇವತ್ತ ಸೋಮವಾರ ಏನ್ರಿ?” ಎಂದೆ. ಅದಕ್ಕೂ ಹೂಂ ಎಂದ. ಅಂದು ಗುರುವಾರ. ಮತ್ತೊಮ್ಮೆ ಕೂಗಿ ಕೇಳುವಷ್ಟು ಬಾಯಿ ನನ್ನದಾಗಿದ್ದರೆ ಈ ಪತ್ರವೇ ಹುಟ್ಟುತ್ತಿರಲಿಲ್ಲ.

ಕೊನೆಗೆ, ಯಾರೂ ಕೇಳದೆಯೇ, ತಮ್ಮ ವೇಟರು ಒಂದು ಸ್ಟೀಲಿನ ಬಟ್ಟಲನ್ನು ತಂದು ಮೇಜಿನ ನಡುವೆ ಇಟ್ಟ. ಅದರಲ್ಲಿ ಬಡೇಸೋಪು, ಅಂದರೆ ತಮ್ಮ ಕಡೆಯ ಸೋಂಪು, ಬಡೇಸೋಪಿನಲ್ಲಿ ಸಕ್ಕರೆ. ಆ ಅರಮನೆಯಲ್ಲಿ ನಮಗೆ ತಾನಾಗಿ ಬಂದ ಉಪಚಾರ ಅದೊಂದೇ, ಬೇಡವೆನ್ನಲು ಎದುರಿಗೆ ಯಾರೂ ಇರಲಿಲ್ಲ. ಹಸಿದಿದ್ದ ಕಾಕಾ ಒಂದು ಹಿಡಿ ತುಂಬಿಕೊಂಡು ಬಾಯಿಗೆ ಹಾಕಿಕೊಂಡರು. ಶಂಕ್ರಪ್ಪನವರು ಮಗ್ಗು ಕೆಳಗಿಟ್ಟು ಎದ್ದು ನಿಂತು, ತಮ್ಮ ಹಾಡಿನ ಡಬ್ಬಿಗೂ ಕೇಳಿಸುವಂತೆ ಸಾರಿದರು: “ಆತಲ್ರಿ, ಬೀಗ್ರು ಸಕ್ಕರಿ ತಿಂದ್ರು. ಮಾತು ಮುಗೀತು. ಕುಬೇರಾ, ಕಾಲು ಮುಟ್ಟು.” ಕುಬೇರಪ್ಪ ಬಗ್ಗಿ ಕಾಲು ಮುಟ್ಟಿದ. ಬಾಯಲ್ಲಿದ್ದುದನ್ನು ಉಗುಳಿದರೆ ಬೀಗರಿಗೆ ಅವಮಾನ, ನುಂಗಿದರೆ ಮನೆಮಗಳಿಗೆ ಅನ್ಯಾಯ. ಕಾಕಾ ಬಹಳ ಹೊತ್ತು ಅಗಿಯುತ್ತಲೇ ಇದ್ದರು. ಆಮೇಲೆ ನುಂಗಿದರು. ಬಾಜು ನಿಂತಿದ್ದ ಸೂಟ್‌ಕೇಸಿನವರು, ಯಾತಕ್ಕೆಂದು ತಿಳಿಯದಿದ್ದರೂ, ಚಪ್ಪಾಳೆ ತಟ್ಟಿದರು. ತಮ್ಮ ಗಿರಾಕಿಗಳ ಹೃದಯ ದೊಡ್ಡದು.

ಮನೆಗೆ ಬಂದು ಹೇಳಿದಾಗ ಮಶೀನು ನಿಂತಿತು. “ಏ ಕಾಕಾ, ಬಡೇಸೋಪು ತಿಂದು ನನ್ನ ಕೊಟ್ಟು ಬಂದಿ? ಮ್ಯಾಲೆ ಒಂದು ಎಲಿ ಅಡಕಿ ಕೊಟ್ಟಿದ್ರ ಮನಿನೂ ಬರಕೊಟ್ಟು ಬರ್ತಿದ್ದಿ” ಎಂದಳು ಅನ್ನವ್ವ. ನನ್ನ ಕಡೆ ತಿರುಗಿ, “ನೀನರ ಕೇಳಿದಿ ಇಲ್ಲೋ? ಏನಂದ್ರು?” ಎಂದಳು. ಹೂಂ ಅಂದರು, ಆದರೆ ಸೋಮವಾರಕ್ಕೂ ಹೂಂ ಅಂದರು ಎಂದು ಹೇಳಬೇಕಾಯಿತು. ಅಂದಿನಿಂದ ಕಾಕಾ ಸಂತೆಗೆ ಹೋಗಿಲ್ಲ, ಚಹಾಕ್ಕೆ ಸಕ್ಕರೆ ಹಾಕಿಸಿಕೊಂಡಿಲ್ಲ. ಅಕ್ಕ ಅವರ ಮಾತನ್ನೂ ಮುರಿಯಲೊಲ್ಲಳು, ಮಶೀನನ್ನೂ ಬಿಡಲೊಲ್ಲಳು. ಇಷ್ಟರಲ್ಲಿ ಶಂಕ್ರಪ್ಪನವರು ಬರುವ ಸೋಮವಾರ ನಿಶ್ಚಯದ ಸೀರೆ ತರುತ್ತೇವೆಂದು ಹೇಳಿ ಕಳಿಸಿದ್ದಾರೆ.

ದಾರಿ ತೋರಿಸಿದವಳು ಮಲಿಕಾಬಿ. ಅವಳು ಎಲ್ಲವನ್ನೂ ಕೇಳಿ, ಹಲ್ಲಿನಿಂದ ದಾರ ಕಡಿದು, “ಸಕ್ಕರಿ ಕೊಟ್ಟವರು ಯಾರು? ಗಂಡಿನವರೇನು? ಅಲ್ಲ. ಬಟ್ಟಲಾ ಇಟ್ಟಾವ ಕಂಪನಿಯಾವ. ಅಂದ್ಮ್ಯಾಲೆ ಮಾತು ಆಗಿದ್ದು ಕಂಪನಿ ಜೋಡಿ” ಎಂದು ತೀರ್ಪು ಕೊಟ್ಟಳು. ಸಂಶಿಯ ಹಿರಿಯರು ಈ ತೀರ್ಪಿನಲ್ಲಿ ತಪ್ಪು ಹುಡುಕಿ ಸೋತಿದ್ದಾರೆ. ಆದ್ದರಿಂದ, ಮಾನ್ಯರೇ, ನಮ್ಮ ಅಕ್ಕನನ್ನು ತಮ್ಮ ಕಂಪನಿಗೆ ಕೊಟ್ಟದ್ದಾಗಿದೆ ಎಂದು ತಿಳಿಸಲು ಸಂತೋಷಪಡುತ್ತೇನೆ.

ಹಾಗಲ್ಲವೆಂದಾದರೆ, ತಮ್ಮ ಬಟ್ಟಲಿನ ಸಕ್ಕರೆಯು ಬರೀ ಬಾಯಿವಾಸನೆ ಕಳೆಯಲೆಂದು ಬಂದವರಿಗೆಲ್ಲ ಇಡುವ ಸಕ್ಕರೆ, ಅದರಿಂದ ಈವರೆಗೆ ಯಾರ ಲಗ್ನವೂ ಆಗಿಲ್ಲ ಎಂದು ಸೋಮವಾರದೊಳಗೆ ಬರೆದು ತಿಳಿಸಿದರೆ ಕಾಕಾನ ನಾಲಿಗೆ ಬಿಡುಗಡೆಯಾಗುತ್ತದೆ. ಹಾಗೆ ಬರೆಯಲು ಕಂಪನಿಯ ಘನತೆ ಅಡ್ಡ ಬಂದರೆ, ಮಾತು ಉಳಿಸಿಕೊಳ್ಳಬೇಕು. ಐದು ಶಾಖೆಗಳಲ್ಲಿ ಯಾವ ಶಾಖೆ ವರನೆಂಬುದನ್ನು ತಾವೇ ತೀರ್ಮಾನಿಸಿ. ಸ್ಟೇಷನ್ನಿನ ಬಾಜುವಿನದಾದರೆ ನಮಗೆ ಹೋಗಿಬರಲು ಅನುಕೂಲ. ಹಾಡಿನ ಡಬ್ಬಿಯನ್ನು ಕೆಳಗಿಳಿಸಿ ಆ ಮೂಲೆಯ ಮೇಜು ತೆಗೆದರೆ ಅಲ್ಲಿ ಅಕ್ಕನ ಮಶೀನು ಸರಿಯಾಗಿ ಕೂಡುತ್ತದೆ, ನಾನು ಕಣ್ಣಳತೆ ಮಾಡಿ ಬಂದಿದ್ದೇನೆ. ಬೆಳಕು ಮಾತ್ರ ಸಾಲದು, ಒಂದು ಕಿಟಕಿ ಕೊರೆಸಬೇಕಾದೀತು. ಬಂದ ಗಿರಾಕಿಗಳ ಹರಿದ ಕಿಸೆಗಳನ್ನು ಅವಳು ಅಲ್ಲಿಯೇ ಹೊಲಿದು ಕೊಡುವಳು. ಮತ್ತು ಪ್ರತಿಯೊಬ್ಬರನ್ನೂ ಮೂರು ಸಲ ಕೇಳುವಳು.

ಇದಾವುದೂ ಆಗದಿದ್ದರೆ ಕೊನೆಯದಾಗಿ ಒಂದು ಸಣ್ಣ ಬೇಡಿಕೆ. ಅನ್ನವ್ವನೇ ಬೆಂಗಳೂರಿಗೆ ಬಂದು, ಅದೇ ಮೇಜಿನ ಎದುರು ಕುಬೇರಪ್ಪನನ್ನು ಕೂಡಿಸಿಕೊಂಡು, ತನ್ನ ಪ್ರಶ್ನೆಯನ್ನು ತಾನೇ ಕೇಳುತ್ತಾಳೆ. ಒಂದು ಪ್ರಶ್ನೆ, ಒಂದು ಉತ್ತರ. ಅಷ್ಟು ಹೊತ್ತು ಆ ಡಬ್ಬಿಯ ಬಾಯಿ ಮುಚ್ಚಿಸುವ ಕೃಪೆ ಮಾಡಬೇಕು. ಅದರೊಳಗಿನವರಿಗೂ ಸ್ವಲ್ಪ ವಿಶ್ರಾಂತಿ ಸಿಕ್ಕೀತು.

ಉತ್ತರದ ಹಾದಿ ನೋಡುತ್ತ, ಸದ್ಯಕ್ಕೆ ಬೀಗರೆಂದೇ ತಮ್ಮನ್ನು ಭಾವಿಸಿರುವ,

ತಮ್ಮ ವಿಶ್ವಾಸಿ,
ಮಡಿವಾಳೆಪ್ಪ

ತಾ. ಕ.: ಈ ಪತ್ರವನ್ನು ಅಂಚೆಗೆ ಹಾಕಬೇಕೆನ್ನುವಷ್ಟರಲ್ಲಿ ಹುಬ್ಬಳ್ಳಿಯ ಪ್ಯಾಸೆಂಜರಿನಿಂದ ಕುಬೇರಪ್ಪ ಒಬ್ಬನೇ ಇಳಿದು ಮನೆಗೆ ಬಂದ. ಚಹಾ ತಗೋರಿ ಎಂದರೆ ಒಲ್ಲೆನೆಂದ, ಮತ್ತೊಮ್ಮೆ ಅಂದರೆ ಈಗ ಆತ್ರಿ ಎಂದ, ಮೂರನೇ ಸಲಕ್ಕೆ ಕುಡಿದ. ಕಾಕಾ ಎಚ್ಚರಿಕೆಯಿಂದ ಬೆಲ್ಲದ ಚಹಾ ಮಾಡಿಸಿದ್ದರು. ಕಪ್ಪು ಕೆಳಗಿಟ್ಟು ಅವನು ನನ್ನನ್ನು ಕೇಳಿದ: “ಅವತ್ತ ನೀವು ಏನೋ ಕೇಳಿದ್ರಿ. ನನಗ ಕೇಳಿಸಲಿಲ್ಲ, ಹೂಂ ಅಂದೆ. ಅವತ್ತಿಂದ ಅದ ತಲ್ಯಾಗ ಕುಂತೈತಿ. ಏನ ಕೇಳಿದ್ರಿ?” ನಾನು ಬಾಯಿ ತೆರೆಯುವ ಮೊದಲೇ ಅನ್ನವ್ವ, “ಈ ಮಶೀನಿಗೆ ನಿಮ್ಮ ಖೋಲಿಯೊಳಗ ಜಾಗಾ ಐತೇನಂತ” ಎಂದಳು. ಈ ಸಲ ಅವನು ತಲೆಯಾಡಿಸಲಿಲ್ಲ. “ಇಲ್ರಿ. ಸಣ್ಣ ಖೋಲಿ, ಮೂರು ಮಂದಿ ಗೆಳ್ಯಾರು ಇರ್ತೀವಿ. ಅದಕ್ಕ ಮಾವ ನಿಮಗ ತೋರಸ್ಲಿಲ್ಲ. ಬ್ಯಾರೆ ನೋಡಬೇಕು” ಎಂದು, ಒಂದು ದಾರ ಇಸಿದುಕೊಂಡು, ಮಶೀನಿನ ಉದ್ದಕ್ಕೊಂದು ಗಂಟು, ಅಗಲಕ್ಕೊಂದು ಗಂಟು ಹಾಕಿ, ದಾರವನ್ನು ಸುತ್ತಿ ಅಂಗಿಯ ಕಿಸೆಯಲ್ಲಿಟ್ಟುಕೊಂಡ. ಸೋಮವಾರದ ಸೀರೆಯನ್ನು ತಾನೇ ತಡೆಯುವುದಾಗಿ ಹೇಳಿ ಮುಂದಿನ ಗಾಡಿಗೆ ಹೋದ. “ಸುಳ್ಳ ಹೂಂ ಅನ್ನಾವಕ್ಕಿಂತ ಖರೇ ಇಲ್ಲ ಅನ್ನಾವ ವಾಸಿ. ದಾರ ಹಿಡಕೊಂಡು ಊರ ತುಂಬ ತಿರುಗ್ಯಾಡ್ಲಿ, ನೋಡೂಣು” ಎಂದು ಅಕ್ಕ ಮತ್ತೆ ಮಶೀನು ತುಳಿಯತೊಡಗಿದಳು.

ಆದಕಾರಣ ತಮ್ಮ ಕಂಪನಿಯೊಂದಿಗೆ ಆಗಿದ್ದ ಸಂಬಂಧವನ್ನು ವಿಷಾದದಿಂದ ಮುರಿದುಕೊಳ್ಳುತ್ತಿದ್ದೇವೆ. ಐದು ಶಾಖೆಗಳಿದ್ದೂ ಒಂದು ಮಶೀನಿನ ಅಳತೆ ತೆಗೆದುಕೊಳ್ಳಲು ತಮ್ಮ ಕಡೆಯಿಂದ ಯಾರೂ ಬರಲಿಲ್ಲ ಎಂಬುದನ್ನು ನೆನಪಿಡಬೇಕು. ಕಾಕಾ ತಿಂದಷ್ಟು ಸಕ್ಕರೆಯನ್ನು ಪೊಟ್ಟಣ ಕಟ್ಟಿ ಬೇರೆ ಟಪಾಲಿನಲ್ಲಿ ಕಳಿಸಿದ್ದೇವೆ, ಪಡೆದಷ್ಟನ್ನೇ ಅಳೆದು ಹಿಂದಿರುಗಿಸುವುದು ನಮ್ಮಲ್ಲಿ ಪದ್ಧತಿಯಲ್ಲವಾದ್ದರಿಂದ ಮೇಲೊಂದು ಹಿಡಿ ಹೆಚ್ಚಿಗೆ ಹಾಕಿದೆ. ಅದನ್ನು ಬಿಚ್ಚಿದವರು ಯಾರೇ ಆಗಿರಲಿ, ಬಾಯಿಗೆ ಹಾಕಿಕೊಳ್ಳುವ ಮೊದಲು ಮನೆಯ ಹೆಣ್ಣುಮಕ್ಕಳನ್ನು ಒಂದು ಮಾತು ಕೇಳಲಿ.