ಗೊಬ್ಬರ ಬೆರೆಸುವ ಯಂತ್ರದವರಿಗೆ, ಹಳದಿ ತಿರುಗಿದ ಸೌತೆ ಸಸಿಗಳ ಪರವಾಗಿ

ನಮ್ಮ ಸಸಿಮನೆಯ ತೊಟ್ಟಿಕೋಣೆಯಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತಿರುವ ಮಾನ್ಯ ಗೊಬ್ಬರ ಬೆರೆಸುವ ಯಂತ್ರದವರೇ,

ಟ್ರೇ ತೊಳೆಯುವ ಮುದುಕಿಯ ನಮಸ್ಕಾರಗಳು. ತಾವು ಕ್ಷೇಮವೆಂದು ತಮ್ಮ ಹಣೆಯ ಮೇಲಿನ ಹಸಿರು ದೀಪ ಹಗಲಿಡೀ ಸಾರುತ್ತಿರುವುದರಿಂದ ಕ್ಷೇಮಸಮಾಚಾರ ವಿಚಾರಿಸುವ ಶ್ರಮವನ್ನು ನನಗೆ ಉಳಿಸಿದ್ದೀರಿ. ನಮ್ಮ ಕಡೆಯ ಕ್ಷೇಮ ಅಷ್ಟಕ್ಕಷ್ಟೆ. ನಾನು ಮೂರನೇ ತರಗತಿಗೇ ಶಾಲೆಯ ಮೆಟ್ಟಿಲಿಳಿದವಳಾದ್ದರಿಂದ ಈ ಪತ್ರದಲ್ಲಿ ಅಕ್ಷರ ತಪ್ಪಿದ್ದ ಕಡೆ ಮೊಮ್ಮಗಳು ತಿದ್ದಿದ್ದಾಳೆ, ಮಾತು ತಪ್ಪಿದೆ ಅನ್ನಿಸಿದ ಕಡೆ ಮುಟ್ಟಕೂಡದೆಂದು ನಾನೇ ತಾಕೀತು ಮಾಡಿದ್ದೇನೆ. "ಯಂತ್ರಕ್ಕೆ ಓದೋಕೆ ಬರುತ್ತಾ ಅಜ್ಜಿ?" ಎಂದು ಅವಳು ಕೇಳಿದಳು. "ಅದಕ್ಕೆ ಬರದೇ ಇದ್ದರೇನಂತೆ, ಅದರ ಮುಂದೆ ಕೈಕಟ್ಟಿಕೊಂಡು ನಿಲ್ಲೋರಿಗೆ ಬರುತ್ತಲ್ಲ" ಎಂದೆ. ಆದ್ದರಿಂದಲೇ ಇದನ್ನು ಲಕೋಟೆಯೊಳಗೆ ಹಾಕದೆ ತಮ್ಮ ಕೋಣೆಯ ಬಾಗಿಲಿಗೆ ಅಂಟಿಸುತ್ತಿದ್ದೇನೆ.

ಮೊದಲಿಗೆ ತಮ್ಮ ಗುಣಗಾನ. ತಾವು ಬರುವುದಕ್ಕೆ ಮುಂಚೆ ಈ ಸಸಿಮನೆಯಲ್ಲಿ ಗೊಬ್ಬರ ಕಲಸುತ್ತಿದ್ದವಳು ನನ್ನ ಸೊಸೆ. ಹದಿನಾಲ್ಕು ವರ್ಷದಿಂದ ಇಲ್ಲಿಯ ಕೀಲಿಕೈ ಅವಳ ಸೊಂಟದಲ್ಲಿದೆ. ನೀಲಿ ಡ್ರಮ್ಮಿಗೆ ಉಪ್ಪಿನಂಥ ಪುಡಿಗಳನ್ನು ಒಂದೊಂದಾಗಿ ಸುರಿದು, ಉದ್ದ ಹುಟ್ಟಿನಿಂದ ತಿರುಗಿಸಿ, ಕೊನೆಗೆ ಬೆರಳುದ್ದದ ಕಾಗದದ ಪಟ್ಟಿ ಅದ್ದಿ, ಅದರ ಬಣ್ಣ ನೋಡಿ, ನೀರು ಹುಳಿಯಾಗಿದೆಯೋ ಸುಣ್ಣದಂತೆ ಸವಳಾಗಿದೆಯೋ ಎಂದು ತಿಳಿದು, ಸವಳಾಗಿದ್ದರೆ ನಾಲ್ಕು ಹನಿ ಆಮ್ಲ ಬಿಡುತ್ತಿದ್ದಳು. ತಾವು ಬಂದಿರಿ, ಹುಟ್ಟು ಮೂಲೆ ಸೇರಿತು. ತಮ್ಮ ಬಳಿ ನೀರಿನಲ್ಲಿ ಮುಳುಗಿಸಿಟ್ಟ ಒಂದು ಕಡ್ಡಿಯಿದೆ, ಅದರ ತುದಿಯಲ್ಲಿ ಗಾಜಿನ ಗುಂಡು, ಅದು ಕ್ಷಣಕ್ಷಣಕ್ಕೂ ನೀರಿನ ರುಚಿ ನೋಡಿ ತಮಗೆ ವರದಿ ಒಪ್ಪಿಸುತ್ತದೆ, ತಾವು ಅದರ ಪ್ರಕಾರ ಆಮ್ಲ ಬಿಡುತ್ತೀರಿ ಎಂದು ಮಾಲೀಕರು ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ವಿವರಿಸಿದರು. ಸೊಸೆ ಮನೆಗೆ ಬಂದಾಗಲೂ ಅವಳನ್ನು ನನಗೆ ಇಷ್ಟು ವಿವರವಾಗಿ ಯಾರೂ ಪರಿಚಯ ಮಾಡಿಕೊಟ್ಟಿರಲಿಲ್ಲ.

ಇನ್ನು ಅಹವಾಲು. ಹೋದ ತಿಂಗಳು ಎರಡನೇ ಸಾಲಿನ ಸೌತೆ ಸಸಿಗಳು ಹಳದಿ ತಿರುಗಿದವು. ಹಳದಿಯಲ್ಲೂ ಎರಡು ಬಗೆಯಿದೆ ಎಂಬುದು ತಮ್ಮಂಥ ಪಂಡಿತರಿಗೆ ಗೊತ್ತಿರಲೇಬೇಕು, ಆದರೂ ನನ್ನ ಸೊಸೆ ನನಗೆ ಹೇಳಿಕೊಟ್ಟಷ್ಟನ್ನು ಹೇಳುತ್ತೇನೆ, ತಾಳ್ಮೆಯಿರಲಿ. ಕೆಳಗಿನ ಹಳೇ ಎಲೆ ಹಳದಿಯಾದರೆ ಸಸಿಗೆ ಸಾರಜನಕ ಸಾಲದು ಎಂದರ್ಥ. ಹಳೇ ಎಲೆ ತನ್ನೊಳಗಿದ್ದದ್ದನ್ನು ಬಿಚ್ಚಿ, ಕುಡಿಯ ಕಡೆ ದಾಟಿಸಿ, ತಾನು ಒಣಗುತ್ತದೆ. ತನ್ನ ತಟ್ಟೆಯದನ್ನು ಮಕ್ಕಳ ತಟ್ಟೆಗೆ ಜಾರಿಸಿ "ನನಗೆ ಹಸಿವಿಲ್ಲ" ಅನ್ನುವ ತಾಯಂದಿರನ್ನು ನಾವೂ ಕಂಡಿದ್ದೇವೆ. ಆದರೆ ಕಬ್ಬಿಣದ ಸ್ವಭಾವ ಬೇರೆ. ಅದು ಒಮ್ಮೆ ಒಂದು ಎಲೆ ಸೇರಿತೆಂದರೆ ಅಲ್ಲಿಂದ ಕದಲುವುದಿಲ್ಲ, ಸೊಸೆಯ ಸೀಮಂತಕ್ಕೂ ಬೀರುವಿನ ಕೀಲಿ ಕೊಡದ ಅತ್ತೆಯ ಹಾಗೆ. ಹೊಸ ಎಲೆಗೆ ಹೊಸದಾಗಿ ಬೇರಿನಿಂದಲೇ ಬರಬೇಕು. ಬರದಿದ್ದರೆ ಹಳೆಯದೆಲ್ಲ ಹಸಿರಾಗಿದ್ದು, ಕುಡಿ ಮಾತ್ರ ಹಳದಿಯಾಗಿ, ಅದರ ಮೇಲೆ ನರಗಳಷ್ಟೇ ಹಸಿರು ಗೆರೆ ಎಳೆದಂತೆ ಕಾಣುತ್ತವೆ.

ಎರಡನೇ ಸಾಲಿನಲ್ಲಿ ಹಳದಿಯಾದದ್ದು ಕುಡಿಯೇ. ಮೊದಲ ದಿನವೇ ನನ್ನ ಸೊಸೆ ಒಂದು ಎಲೆಯನ್ನು ಬೆಳಕಿಗೆ ಹಿಡಿದು, "ಕಬ್ಬಿಣ ಹೋಗ್ತಾ ಇಲ್ಲ ಅತ್ತೆ" ಎಂದಳು. ಮಾಲೀಕರಿಗೂ ಹೇಳಿದಳು. ಅವರು ತಮ್ಮ ಹಣೆಯ ದೀಪದ ಕೆಳಗಿನ ಪರದೆ ತೋರಿಸಿ, "ಕಬ್ಬಿಣ ಹಾಕಿದೆ ಅಂತ ಇಲ್ಲೇ ಬರೆದಿದೆಯಲ್ಲಮ್ಮ, ಯಂತ್ರಕ್ಕೇನು ಸುಳ್ಳು ಹೇಳಿ ಆಗಬೇಕಾದ್ದಿದೆ?" ಎಂದು ಕೇಳಿದರು. ತಮ್ಮನ್ನು ಕಳಿಸಿಕೊಟ್ಟ ಕಂಪನಿಯವನಿಗೆ ಫೋನು ಮಾಡಿದರೆ, ದೀಪ ಹಸಿರಿದೆಯೇ ಎಂದು ಕೇಳಿ, ಇದೆ ಎಂದ ಕೂಡಲೇ ಹಾಗಾದರೆ ಸಸಿಯದೇ ತಪ್ಪು ಎಂದು ಫೋನಿಟ್ಟ. ಸಸಿಯನ್ನು ಕರೆಸಿ ವಿಚಾರಣೆ ಮಾಡುವುದೊಂದು ಬಾಕಿಯಿತ್ತು.

ಕಬ್ಬಿಣ ಹಾಕಿದ್ದು ನಿಜ, ಅದರಲ್ಲಿ ತಮ್ಮ ಕೈ ಚೊಕ್ಕ. ಮಾಲೀಕರ ಅಪ್ಪಣೆಯಂತೆ ಇನ್ನಷ್ಟು ಹಾಕಿದಿರಿ, ಕುಡಿಗಳು ಇನ್ನಷ್ಟು ಹಳದಿಯಾದವು. ಏಕೆಂದರೆ ಸಸಿಗೆ ಹಲ್ಲಿಲ್ಲ. ನೆಲದ ಸಾರವಾಗಲಿ ಡ್ರಮ್ಮಿನ ಪುಡಿಯಾಗಲಿ ನೀರಿನಲ್ಲಿ ಕರಗಿದರೆ ಮಾತ್ರ ಬೇರಿನ ಕೂದಲು ಅದನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ನೀರು ಸವಳಾದರೆ ಕಬ್ಬಿಣ ಕರಗಿ ನಿಲ್ಲದೆ ತುಕ್ಕಾಗಿ ತಳ ಸೇರುತ್ತದೆ. ಬೇರು ತಾನೇ ಒಂದಿಷ್ಟು ಹುಳಿ ಉಗುಳಿ ಕರಗಿಸಿಕೊಳ್ಳಲು ನೋಡುತ್ತದಂತೆ, ಪಾಪ, ಹಬೆಯಾಡುವ ಟ್ರೇಯೊಳಗೆ ಬೆರಳಗಲದ ಗುಂಡಿಯಲ್ಲಿ ಕೂತ ಎಳೆಬೇರು ಎಷ್ಟೆಂದು ಉಗುಳೀತು. ನಮ್ಮ ಕೊಳವೆಬಾವಿಯ ನೀರೋ, ಕಾಯಿಸಿದ ಪಾತ್ರೆಗೆ ಸುಣ್ಣ ಬಳಿಯುವಂಥದ್ದು. ಅದನ್ನು ತಾವು ಹದಿನೇಳು ದಿನ ಒಂದು ಹನಿ ಆಮ್ಲ ಬಿಡದೆ ಹಾಗೇ ಕುಡಿಸಿದಿರಿ. ಬಾಯಿ ಹೊಲಿದು ಎಲೆ ತುಂಬ ಬಡಿಸಿ, ಉಣ್ಣಲಿಲ್ಲವೆಂದು ಎಲೆಯ ಮೇಲೆ ಮತ್ತೊಂದು ಸಲ ಬಡಿಸಿದ ಧಾರಾಳಕ್ಕೆ ನಾಲ್ಕು ಸಾವಿರ ಸೌತೆ ಸಸಿಗಳು ತಮಗೆ ಚಿರಋಣಿಗಳಾಗಿವೆ.

ಇದಕ್ಕೆಲ್ಲ ಶಿಕ್ಷೆ ಯಾರಿಗೆ ಆಗಬೇಕು? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಸೊಸೆಯೇ ನೀರು ಬಿಡುವ ಹೊತ್ತು ತಪ್ಪಿಸಿದ್ದಾಳೆ ಎಂದು ಮೊದಲು ತೀರ್ಮಾನವಾಯಿತು. ಅವಳು ಬೈಸಿಕೊಂಡು ಬಂದು, ಕಪಾಟಿನ ಹಿಂದೆ ಬಿದ್ದಿದ್ದ ಹಳೇ ಕಾಗದದ ಪಟ್ಟಿ ಹುಡುಕಿ, ಟ್ರೇಯಿಂದ ಸೋರಿದ ನೀರಿಗೆ ಅದ್ದಿದಳು. "ಕಾಗದ ಒಂದು ಹೇಳುತ್ತೆ, ಯಂತ್ರ ಒಂದು ಹೇಳುತ್ತೆ. ನನ್ನ ಕಣ್ಣೇ ಸರಿ ಇಲ್ಲವೇನೋ ಅತ್ತೆ" ಎಂದಳು. ಹದಿನಾಲ್ಕು ವರ್ಷ ಎಲೆ ನೋಡಿ ರೋಗ ಹೇಳಿದವಳ ಬಾಯಲ್ಲಿ ಆ ಮಾತು ಹೊರಡಿಸಿದ ತಮ್ಮ ಸಾಮರ್ಥ್ಯಕ್ಕೆ ಯಾವ ಬಿರುದು ಕೊಟ್ಟರೂ ಕಡಿಮೆಯೇ.

ಕಳೆದ ಮಂಗಳವಾರ, ಪೈಪು ಕೆಲಸದ ಉದ್ದಣ್ಣ ಅವಳ ಮಾತು ಕೇಳಿ ತಮ್ಮ ಕಡ್ಡಿಯನ್ನು ನೀರಿನಿಂದ ಎಳೆದು ನೋಡಿದ. ನೋಡಿದರೆ ಗಾಜಿನ ಗುಂಡಿನ ಮೇಲೆ ಬಿಗಿಯಾಗಿ ಕೂತಿದೆ, ರಬ್ಬರಿನ ಮುಚ್ಚಳ. "ಯಾರಪ್ಪಾ ಇದಕ್ಕೆ ಕುಲಾವಿ ತೊಡಿಸಿದೋರು, ಶೀತ ಆಗಿತ್ತಾ?" ಎಂದ. ಎಲ್ಲರೂ ನಕ್ಕರು. ಆ ಮುಚ್ಚಳದೊಳಗೆ ಗುಂಡು ಒಣಗದಿರಲೆಂದು ಹಾಕಿಟ್ಟ ಒಂದು ಗುಟುಕು ಕೊಂಚ ಹುಳಿ ಬೆರೆತ ಉಪ್ಪುನೀರಿರುತ್ತದಂತೆ. ಹದಿನೇಳು ದಿನ ತಾವು ರುಚಿ ನೋಡಿದ್ದು ಆ ಗುಟುಕನ್ನೇ ಹೊರತು ತೊಟ್ಟಿಯ ನೀರನ್ನಲ್ಲ, ಅದಕ್ಕೇ ಆಮ್ಲ ಬೇಡವೆಂದುಕೊಂಡಿರಿ. ಸುತ್ತಲೂ ಸಸಿಮನೆ ಸಾಯುತ್ತಿದ್ದರೂ ತಮ್ಮ ಟೋಪಿಯೊಳಗೆ ಎಲ್ಲ ಕ್ಷೇಮವಾಗಿದ್ದುದರಿಂದ ಲೋಕ ಕ್ಷೇಮವೆಂದು ದೀಪ ಹಚ್ಚಿದಿರಿ. ದೊಡ್ಡ ಹುದ್ದೆಗೆ ತಾವು ಹೇಳಿ ಮಾಡಿಸಿದವರು. ಇಲ್ಲಿ ತೊಟ್ಟಿಕೋಣೆಯಲ್ಲಿ ಯಾಕೆ ಕೊಳೆಯುತ್ತಿದ್ದೀರೋ ಕಾಣೆ.

ನಗು ನಿಂತ ಮೇಲೆ ಮಾಲೀಕರು ನನ್ನ ಸೊಸೆಯ ಕಡೆ ತಿರುಗಿದರು. "ಕೋಣೆ ಕೀಲಿ ಇರೋದು ನಿನ್ನ ಹತ್ತಿರ. ಯಂತ್ರ ಬಂದ ದಿನದಿಂದ ನಿನಗೆ ಹೊಟ್ಟೆಕಿಚ್ಚು. ಬೇಕಂತಲೇ ಹಾಕಿದ್ದೀಯ. ಶನಿವಾರ ಕೀಲಿ ಕೊಟ್ಟು ಹೋಗು" ಎಂದರು. ಅವಳು ತಲೆ ತಗ್ಗಿಸಿ ನಿಂತಳು.

ಮಾನ್ಯರೇ, ಮುಂದೆ ನಾನು ಬರೆದಿರುವುದನ್ನು ತಿದ್ದುವಾಗ ಮೊಮ್ಮಗಳು ಎರಡು ಸಲ ಪೆನ್ನು ನಿಲ್ಲಿಸಿ ನನ್ನ ಮುಖ ನೋಡಿದ್ದಾಳೆ. ಮುಚ್ಚಳ ಹಾಕಿದವಳು ನಾನು. ಮಾಲೀಕರ ಅತಿಥಿಗಳು ತಮ್ಮನ್ನು ನೋಡಲು ಬರುವ ದಿನ, ಕೋಣೆ ಫಳಫಳ ಅನ್ನಬೇಕೆಂದು ನನ್ನನ್ನು ಒರೆಸಲು ಕಳಿಸಿದ್ದರು. ತೊಟ್ಟಿ ಒರೆಸಲು ಕಡ್ಡಿ ಎತ್ತಿದೆ. ತುದಿಯ ಗಾಜು ಕೋಳಿಮರಿಯ ಕಣ್ಣಿನಷ್ಟು ನಾಜೂಕು. ಪಕ್ಕದ ಹಲಗೆಯ ಮೇಲೆ ಅದರ ಅಳತೆಯದೇ ಮುಚ್ಚಳ ಕೂತಿದೆ. ಯಾವನೋ ಮರೆತಿದ್ದಾನೆ, ಬರಿಗಾಜು ತೊಟ್ಟಿಗೆ ತಾಗಿ ಒಡೆದರೆ ಸೊಸೆಯ ತಲೆಗೆ ಬರುತ್ತದೆ ಎಂದುಕೊಂಡು, ಮಗುವಿನ ನೆತ್ತಿ ಮುಚ್ಚುವಷ್ಟು ಜೋಪಾನವಾಗಿ ತೊಡಿಸಿ, ಒತ್ತಿ ಬಿಗಿ ಮಾಡಿ, ನೀರಿಗೆ ಇಳಿಬಿಟ್ಟೆ. ಅವಳ ತಲೆಗೆ ಬರದಿರಲಿ ಎಂದು ಮಾಡಿದ್ದು ನೇರ ಅವಳ ತಲೆಗೇ ಬಂತು.

ಆ ಮಂಗಳವಾರ ನಾನೂ ಅಲ್ಲೇ ಇದ್ದೆ, ಒದ್ದೆ ಟ್ರೇ ಹಿಡಿದುಕೊಂಡು. ಊರಿನವರ ಸೊಸೆಯಂದಿರಿಗೆಲ್ಲ ಬುದ್ಧಿ ಹೇಳುವ ನನ್ನ ನಾಲಿಗೆ ಅವತ್ತು ಎದ್ದೇಳಲಿಲ್ಲ. ಮೂರು ದಿನವಾಯಿತು. ಆಮೇಲೆ ಯೋಚಿಸಿದಾಗ ಹೊಳೆದದ್ದು ಇದು: ಆ ದಿನ ಕೋಣೆ ಒರೆಸಲು ಕೀಲಿಕೈಯನ್ನು ನನ್ನ ಕೈಗೆ ಕೊಟ್ಟವಳು ಅವಳೇ. ಮತ್ತಾರೂ ಒಳಗೆ ಹೋಗಿಲ್ಲವೆಂದು ಅವಳಿಗೆ ಗೊತ್ತು. ಮುಚ್ಚಳ ನೋಡಿದ ಗಳಿಗೆಯಲ್ಲೇ ಗೊತ್ತಾಗಿರಬೇಕು. ಮಾಲೀಕರೆದುರು ನನ್ನ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಮನೆಗೆ ಬಂದು ಎಂದಿನಂತೆ ಬಡಿಸಿದಳು, "ಇನ್ನೊಂಚೂರು ಹಾಕ್ಲಾ ಅತ್ತೆ?" ಎಂದಳು. ಅವಳು ಒಂದು ಮಾತು ಬೈದಿದ್ದರೆ ನಾನು ಇನ್ನೊಂದು ತುತ್ತು ಉಣ್ಣುತ್ತಿದ್ದೆ.

ಆದ್ದರಿಂದ ತಮ್ಮಲ್ಲಿ ನನ್ನ ಬೇಡಿಕೆಗಳು ಹೀಗಿವೆ. ತಪ್ಪಿನಲ್ಲಿ ನನ್ನ ಪಾಲನ್ನು ಹೆಬ್ಬೆಟ್ಟೊತ್ತಿ ಒಪ್ಪಿಕೊಂಡಿದ್ದೇನೆ, ತಮ್ಮ ಪಾಲಿಗೆ ತಾವೂ ಒಂದು ಬೆರಳು ಬೆಳೆಸಿಕೊಂಡು ಒತ್ತತಕ್ಕದ್ದು. ತೆಗೆದುಹಾಕುವುದೇ ಆದರೆ ಟ್ರೇ ತೊಳೆಯುವವಳನ್ನು ತೆಗೆಯಲಿ, ನಾನು ಬೀಳ್ಕೊಡುಗೆಯನ್ನೂ ಕೇಳುವುದಿಲ್ಲ. ಇಂದಿನಿಂದ ದಿನಕ್ಕೊಮ್ಮೆ ತಾವು ನನ್ನ ಸೊಸೆಯ ಕಾಗದದ ಪಟ್ಟಿಯ ಮುಂದೆ ನಿಂತು ಪಾಠ ಒಪ್ಪಿಸಬೇಕು, ಅವಳು ಸರಿ ಎಂದ ಮೇಲಷ್ಟೇ ದೀಪ ಹಚ್ಚಬೇಕು. ವರ್ಷದಲ್ಲಿ ಒಂದು ವಾರ ಬೇರು ಬಿಟ್ಟುಕೊಂಡು ಎರಡನೇ ಸಾಲಿನಲ್ಲಿ, ತಾವೇ ಕಳಿಸಿದ ನೀರು ಕುಡಿದು ಬದುಕಬೇಕು. ಇದಿಷ್ಟೂ ಆಗದ ಮಾತಾದರೆ ಇನ್ನೊಂದು ಸುಲಭದ್ದಿದೆ: ಹಳದಿ ಎಲೆ ನೋಡಿದವಳು ಹಳದಿ ಎಂದಾಗ, ಪರದೆ ನೋಡುವ ಮುಂಚೆ ಒಂದು ಸಲ ಎಲೆ ನೋಡಿ ಎಂದು ತಮ್ಮ ಯಜಮಾನರಿಗೆ ತಾವೇ ತಿಳಿಸಬೇಕು. ತಮ್ಮ ಮಾತನ್ನಾದರೆ ಅವರು ಕೇಳುತ್ತಾರೆ.

ಮಂಗಳವಾರದಿಂದ ಆಮ್ಲ ಬೀಳುತ್ತಿದೆ. ಇವತ್ತು ಬೆಳಿಗ್ಗೆ ಬಗ್ಗಿ ನೋಡಿದೆ, ನಡುವಿನಲ್ಲಿ ಮೂಡುತ್ತಿರುವ ಚಿಗುರು ಹಸಿರಾಗಿಯೇ ಇದೆ. ಅದನ್ನು ಮೊದಲು ಕಂಡವಳು ನನ್ನ ಸೊಸೆ. ನಾಳೆ ಬಿಡಬೇಕಾದ ಕೆಲಸಕ್ಕೆ ಇವತ್ತು ಎಲ್ಲರಿಗಿಂತ ಮುಂಚೆ ಬಂದಿದ್ದಳು.

ಇಂತಿ, ತಮ್ಮ ದೀಪದ ಮೇಲೆ ಅಲ್ಲದಿದ್ದರೂ ತಮ್ಮ ಕಡ್ಡಿಯ ಮೇಲೆ, ಅದೂ ಮುಚ್ಚಳ ತೆಗೆದ ಮೇಲೆ, ಅಷ್ಟಿಷ್ಟು ನಂಬಿಕೆ ಉಳಿಸಿಕೊಂಡಿರುವ
ತಮ್ಮ ವಿಶ್ವಾಸಿ,
ಸಸಿಮನೆಯ ಕೀಲಿಕೈಯವಳ ಅತ್ತೆ

ವಿ.ಸೂ.: ಈ ಕಾಗದವನ್ನು ಯಾರಾದರೂ ಕಿತ್ತು ಹಾಕಿದರೆ ಬೇಸರವಿಲ್ಲ. ಮೊಮ್ಮಗಳ ಕೈಯಲ್ಲಿ ಇನ್ನೊಂದು ಪ್ರತಿ ಬರೆಸಿ, ಸಸಿ ಒಯ್ಯಲು ಬರುವ ಲಾರಿಯವನಿಗೆ ಕೊಟ್ಟಿದ್ದೇನೆ. ನಮ್ಮ ಸಸಿ ಕೊಳ್ಳುವ ಹನ್ನೊಂದು ಊರುಗಳಿಗೆ ಅವನೇ ಹೋಗುವವನು, ಓದಿದರೆ ಮೂರು ಬೀದಿಗೆ ಕೇಳುವಂಥ ಗಂಟಲು. ಶನಿವಾರ ಹತ್ತು ಗಂಟೆಗೆ ಹೊರಡುತ್ತಾನಂತೆ. ಹೊರಡುವ ಮುಂಚೆ ಕೀಲಿಕೈ ಯಾರ ಸೊಂಟದಲ್ಲಿದೆ ಎಂದು ನೋಡಿಕೊಂಡು, ಆಮೇಲೆ ಓದುವುದೋ ಬಿಡುವುದೋ ನಿರ್ಧರಿಸು ಎಂದು ಹೇಳಿದ್ದೇನೆ.