ದಾನಿಗಳ ಹೆಸರು ಕಾಣಬೇಕು

ಹೊಸದುರ್ಗದ ಕಡೆಯ ನಮ್ಮ ಸಮುದಾಯ ಆರೋಗ್ಯ ಕೇಂದ್ರಕ್ಕೆ ಬರುವ ಹೆಚ್ಚಿನವರಿಗೆ ವಿಮೆಯಿಲ್ಲ, ಕಾರ್ಡಿಲ್ಲ, ಬೇರೆ ಗತಿಯೂ ಇಲ್ಲ. ಇಲ್ಲಿನ ಅರ್ಧ ಸಾಮಾನು ದಾನಿಗಳು ಕೊಟ್ಟದ್ದು. ಹೆಸರು ಬರೆಸದೆ ಕೊಟ್ಟವರನ್ನು ನಾನಿನ್ನೂ ಕಂಡಿಲ್ಲ. ನರ್ಸಾದ ನನಗೆ ರೋಗಗಳಷ್ಟೇ ಕೆಲಸವನ್ನು ಈ ಹೆಸರುಗಳೂ ಕೊಡುತ್ತವೆ. ತಿಂಗಳಿಗೊಂದು ಪ್ರಸಂಗವಂತೂ ತಪ್ಪದು.

೧

ಕೊಬ್ಬರಿ ಸಾಹುಕಾರರೊಬ್ಬರು ವಾರ್ಡಿಗೆ ಮೂರು ಫ್ಯಾನ್ ಕೊಟ್ಟರು. ರೆಕ್ಕೆ ರೆಕ್ಕೆಗೂ ಅವರ ಹೆಸರು. ತಿರುಗಿದರೆ ಹೆಸರು ಕಾಣದು ಎಂಬುದು ಹಾಕಿಸಿದ ಮೇಲೆ ಹೊಳೆಯಿತು. ಒಂದು ಮಧ್ಯಾಹ್ನ ಬೀಗರನ್ನು ಕರೆತಂದು, ಅವರು ಓದುವ ತನಕ ಆರಿಸಿ ಎಂದರು. ಬೀಗರಿಗೆ ಕನ್ನಡಕ ಸಿಗಲಿಲ್ಲ. ಜೇಬು ತಡಕಿದರು, ಚೀಲ ತಡಕಿದರು. ರೋಗಿಗಳು ಬೆವರುತ್ತಾ ಕಾದರು. ಕೊನೆಗೆ ಮೂಲೆಯ ಮುದುಕ ಕೈಮುಗಿದ.

“ಸಾವ್ಕಾರ್ರೇ, ನಂಗೆ ಓದಾಕೆ ಬರಲ್ಲ. ನನ್ ಮ್ಯಾಲಿಂದಾದ್ರೂ ಹಾಕ್ರಿ.”

೨

ಬಾಗೂರಿನ ರೈತರೊಬ್ಬರು ಬೆಂಚು ಕೊಟ್ಟಿದ್ದರು. ಅವರ ದಾಯಾದಿ ಜ್ವರ ಹೊತ್ತು ಬಂದವನು ಬೆಂಚಿನ ಮೇಲಿನ ಹೆಸರು ನೋಡಿ ನಿಂತೇ ಇದ್ದ. ಕೂತ್ಕೊಳ್ಳಪ್ಪ ಅಂದರೆ, ಬದುವಿನ ಕೇಸು ಇನ್ನೂ ಕೋರ್ಟಿನಲ್ಲಿದೆ ಎಂದ. ಒಂದು ಗಂಟೆ ಕಳೆದ ಮೇಲೆ ಕಣ್ಣು ಕತ್ತಲಿಟ್ಟು ಬಿದ್ದ. ನಾನೂ ಆಯಾನೂ ಎತ್ತಿ ಅದೇ ಬೆಂಚಿನ ಮೇಲೆ ಮಲಗಿಸಿದೆವು. ಕಣ್ಣು ಬಿಟ್ಟವನು ಹೆಸರು ಓದಿದ, ಆದರೆ ಏಳಲಿಲ್ಲ.

“ನಾನಾಗೇ ಮಲಗಿಲ್ಲ, ನೀವು ಮಲಗ್ಸಿದ್ದು ಅಂತ ಚೀಟೀಲಿ ಬರ್ಕೊಡ್ರಿ ಸಿಸ್ಟರ್. ವಕೀಲ್ರಿಗೆ ಬೇಕಾಗ್ತೈತೆ.”

೩

ಅದೇ ಕೊಬ್ಬರಿ ಸಾಹುಕಾರರು ತೀರಿಹೋದ ತಂದೆಯ ಹೆಸರಲ್ಲಿ ಸ್ಟ್ರೆಚರ್ ಕೊಟ್ಟರು. ತಲೆಯ ಕಡೆ ಕೆಂಪು ಬಣ್ಣದಲ್ಲಿ ದಪ್ಪಗೆ ‘ದಿವಂಗತ’, ಅದರ ಮುಂದೆ ಹೆಸರು. ಅದನ್ನು ಓದಿದವರು ಯಾರೂ ಹತ್ತಲಿಲ್ಲ. ಮುರಿದ ಕಾಲಿನವನೂ ಕುಂಟುತ್ತಲೇ ಹೋದ.

ಒಂದು ಬೆಳಿಗ್ಗೆ ಕೂಲಿಯ ಹೆಂಗಸೊಬ್ಬಳು ಎದೆನೋವೆಂದು ಬಂದಳು. ಡಾಕ್ಟರು ನೋಡಿ, ಚಿತ್ರದುರ್ಗಕ್ಕೆ ಕಳಿಸಬೇಕು, ಒಂದು ಹೆಜ್ಜೆಯೂ ನಡೆಸಬೇಡಿ ಎಂದರು. ಆಂಬುಲೆನ್ಸ್ ಗೇಟಿನಲ್ಲಿತ್ತು. ಜೊತೆಗೆ ಬಂದಿದ್ದ ಮಗಳು ಸ್ಟ್ರೆಚರಿನ ಆ ಕೆಂಪು ಅಕ್ಷರ ಗಟ್ಟಿಯಾಗಿ ಓದಿದ್ದೇ ತಾಯಿ ಎದ್ದು ಕೂತಳು. ಜೀವ ಇರೋವಾಗಲೇ ಅದನ್ನು ಹತ್ತೋದಿಲ್ಲ, ನಡೆದೇ ಹೋಗ್ತೀನಿ ಎಂದು ಕಾಲು ಕೆಳಗಿಟ್ಟಳು. ಡ್ರೆಸ್ಸಿಂಗ್ ಟ್ರೇಯಿಂದ ಅಗಲದ ಪ್ಲಾಸ್ಟರ್ ಹರಿದು ‘ದಿವಂಗತ’ದ ಮೇಲೆ ಅಂಟಿಸಿದೆ. ಬರೀ ಹೆಸರು ಉಳಿಯಿತು. ಬರೆದವನು ತಪ್ಪು ಬರೆದಿದ್ದ, ಈ ಯಜಮಾನರು ಗಟ್ಟಿಮುಟ್ಟಾಗಿದ್ದಾರೆ, ಅವರು ಕೊಟ್ಟ ಗಾಡಿ ಎಂದೆ. ಹತ್ತಿದಳು, ಹೋದಳು, ಬದುಕಿದಳು. ಪ್ಲಾಸ್ಟರ್ ಕೀಳುವುದು ಮರೆತುಹೋಯಿತು.

ತಿಂಗಳ ಮೇಲೆ ಅವಳು ಹಿತ್ತಲ ಅವರೆಕಾಯಿ ಕಟ್ಟಿಕೊಂಡು, ನಮ್ಮನ್ನು ಕೇಳದೆ, ಆ ಹೆಸರಿನವರ ಮನೆ ಹುಡುಕಿಕೊಂಡು ಸಾಹುಕಾರರ ಮನೆಗೇ ಹೋದಳಂತೆ. ಬಾಗಿಲು ತೆಗೆದದ್ದು ಸಾಹುಕಾರರ ತಾಯಿ. ಹೋದ ತಿಂಗಳು ನಿಮ್ಮ ಯಜಮಾನರು ನನ್ನ ಜೀವ ಉಳಿಸಿದರು, ಎಲ್ಲಿದ್ದಾರೆ, ಕಾಲಿಗೆ ಬೀಳಬೇಕು ಎಂದಳಂತೆ.

ಮರುದಿನ ಆ ಅಜ್ಜಿ ಆಸ್ಪತ್ರೆಗೆ ಬಂದರು. ನಾನು ತಪ್ಪೊಪ್ಪಿಕೊಂಡು, ಪ್ಲಾಸ್ಟರ್ ಕಿತ್ತುಬಿಡ್ತೀನಿ ಎಂದೆ. ಅವರು ಸ್ಟ್ರೆಚರಿನ ಸುತ್ತ ಒಂದು ಸುತ್ತು ಬಂದು, ಗಂಡನ ಹೆಸರಿನ ಮೇಲೆ ಕೈಯಾಡಿಸಿದರು.

“ಬದುಕಿದ್ದಾಗ ಒಂದು ಲೋಟ ನೀರು ಎತ್ತಿ ಕೊಟ್ಟೋರಲ್ಲ ಇವ್ರು. ಪಟ್ಟಿ ಕೀಳಬ್ಯಾಡ ತಾಯಿ, ಇನ್ನೊಂದಿಷ್ಟು ದಿನ ದುಡೀಲಿ.”