ಕಾರಿಗೆ ಬುದ್ಧಿ ಹಚ್ಚುವ ಕೆಲಸ

ಕಾರಿನೊಳಗೆ ನಾನು ಕೂರಿಸುವ ಸರ್ಕ್ಯೂಟ್ ಹೇಳಿದಂತೆ ಕೇಳುತ್ತದೆ, ಕಾರಿನ ಸುತ್ತಲಿನ ಜನ ಕೇಳುವುದಿಲ್ಲ. ಹಾಗಾಗಿ ತಾರ್ನಾಕದ ನನ್ನ ಅಂಗಡಿಯಲ್ಲಿ ನಗುವಿಗೆ ಬರವಿಲ್ಲ. ಊರಾಚೆ ಗಾಜಿನ ಕಟ್ಟಡಗಳು ಏಳುತ್ತಿದ್ದ ಕಾಲದಲ್ಲಂತೂ ಸಾಫ್ಟ್‌ವೇರ್ ಹುಡುಗರು ಹೊಸ ಕಾರು ತಂದು, "ಇದಕ್ಕೊಂದಿಷ್ಟು ಬುದ್ಧಿ ಹಚ್ಚಿಕೊಡ್ರಿ" ಎಂದು ಸಾಲುಗಟ್ಟುತ್ತಿದ್ದರು.

ಖಾಲಿ ಕಾರಿನ ದೀಪ

ಲಿಂಗಂಪಲ್ಲಿಯ ಒಬ್ಬ ಇಂಜಿನಿಯರನ ಕಾರಿಗೆ, ಬಂದ್ ಮಾಡಿದ ಮೇಲೂ ಹೆಡ್‌ಲೈಟ್ ಒಂದು ನಿಮಿಷ ಉರಿದು ತಾನೇ ಆರುವಂತೆ ಮಾಡಿಕೊಟ್ಟೆ. ಅವನು ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

ಕಲಬುರಗಿಯಿಂದ ಬಂದಿದ್ದ ಅವನ ಮಾವ ಗೇಟಿನ ಹತ್ತಿರ ಕುಳಿತಿದ್ದರು. ಅಳಿಯ ಕಾರು ನಿಲ್ಲಿಸಿ ಸ್ನಾನಕ್ಕೆ ಹೋದ. ದೀಪ ಮಾತ್ರ ಉರಿಯುತ್ತಿತ್ತು. "ಬ್ಯಾಟರಿ ಇಳೀತೈತಿ!" ಎಂದು ಓಡಿ ಮಗಳನ್ನು ಕರೆತಂದರು. ಅಷ್ಟರಲ್ಲಿ ದೀಪ ಆರಿತ್ತು. ಮರುದಿನವೂ ಅದೇ ಕತೆ. ಮಗಳು ಗಾಬರಿಯಾಗಿ ಅಪ್ಪನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ದು ಹೊಸ ಕನ್ನಡಕ ಹಾಕಿಸಿದಳು.

ಆಮೇಲೊಮ್ಮೆ ಅವರು ಅಳಿಯನ ಜೊತೆ ಅಂಗಡಿಗೆ ಬಂದಾಗ ಕೇಳಿದೆ, "ಹೊಸ ಕನ್ನಡಕ ಹೆಂಗೈತ್ರಿ?"

"ಭಾಳ ಚಲೋ ಐತ್ರಿ. ದೀಪ ಉರಿಯೋದು ಇನ್ನೂ ಸ್ವಚ್ಛ ಕಾಣತೈತಿ!"

ಇಂಜಿನಿಯರಿಂಗ್

ಹೆಂಡತಿ ಒಂದು ದಿನ, "ಈ ಟ್ರಾನ್ಸಿಸ್ಟರ್ ಏನು ಮಾಡತೈತ್ರಿ?" ಎಂದು ಕೇಳಿದಳು. ಸರ್ಕ್ಯೂಟಿನ ಮಿದುಳಾದ ಮೈಕ್ರೋಕಂಟ್ರೋಲರ್ ಚೂರೇ ಚೂರು ಕರೆಂಟಿನಿಂದ ಸನ್ನೆ ಮಾಡುತ್ತದೆ, ಟ್ರಾನ್ಸಿಸ್ಟರ್ ಅದನ್ನು ನೋಡಿ ದೊಡ್ಡ ಕರೆಂಟನ್ನು ಹರಿಯಬಿಡುತ್ತದೆ ಎಂದು ವಿವರಿಸಿದೆ.

"ನಾ ಕಣ್ಣು ತಿರುವಿದ್ರ ನೀವು ಗ್ಯಾಸ್ ಸಿಲಿಂಡರ್ ಎತ್ತತೀರಲ್ಲ, ಹಂಗೇನು?"

"ಹಂಗ ನೋಡು."

"ಇಷ್ಟಕ್ಕ ಇಂಜಿನಿಯರಿಂಗ್ ಓದಬೇಕಾತೇನ್ರಿ?"

ಮದುವೆಯ ಕಾರು

ಬೇಗಂ ಬಜಾರಿನ ಕಿರಾಣಿ ಸೇಠರು ಬೀದರ್ ಕಡೆಯವರು. ಕಳ್ಳರ ಭಯ ಭಾಳ. ಸೀಟಿನ ಕೆಳಗಿನ ಗುಪ್ತ ಬಟನ್ ಒತ್ತದೆ ಯಾರಾದರೂ ಡ್ರೈವರ್ ಸೀಟಿನಲ್ಲಿ ಕುಳಿತರೆ ಹಾರ್ನ್ ಬಡಿದು ನಾಲ್ಕೂ ದೀಪ ಮಿನುಗುವಂತೆ ಅವರಿಗೊಂದು ಅಲಾರಂ ಕೂರಿಸಿಕೊಟ್ಟಿದ್ದೆ.

ಅವರ ಮಗನ ಮದುವೆಗೆ ನನಗೂ ಕರೆ ಬಂತು. ಮೆರವಣಿಗೆಗೆಂದು ಹೂವಿನಿಂದ ಸಿಂಗರಿಸಿದ ಅದೇ ಕಾರಿನಲ್ಲಿ ಮದುಮಗ ಕುಳಿತ, ಮುಂದೆ ಬ್ಯಾಂಡಿನವರು ಸಜ್ಜಾದರು. ಓಡಿಸಲು ಕುಳಿತ ಸೋದರಮಾವನಿಗೆ ಬಟನ್ ವಿಷಯ ಗೊತ್ತಿಲ್ಲ. "ಪೀಂ ಪೀಂ... ಪೀಂ! ಪೀಂ ಪೀಂ... ಪೀಂ!" ಹಾರ್ನ್ ಶುರುವಾಯಿತು. ಮದುಮಗ ಕಿವಿ ಮುಚ್ಚಿಕೊಂಡ. ಇಷ್ಟು ಜನರೆದುರು ನನ್ನ ಮಾನ ಹೋಯಿತಲ್ಲ ಎಂದು ಗುಂಪು ಸೀಳಿಕೊಂಡು ಓಡಿ, ಸೋದರಮಾವನ ಕಾಲ ಸಂದಿಯಲ್ಲಿ ಕೈ ಹಾಕಿ ಬಟನ್ ಒತ್ತಿದೆ.

ಹಾರ್ನ್ ನಿಂತಿತು. ಅದರ ಜೊತೆಗೇ ಬ್ಯಾಂಡ್ ನಿಂತಿತು, ಕುಣಿತವೂ ನಿಂತಿತು. ತಿರುಗಿ ನೋಡಿದರೆ ಬೀಗರೆಲ್ಲ ನನ್ನನ್ನೇ ದಿಟ್ಟಿಸುತ್ತಿದ್ದಾರೆ. ಮುಂದೆ ಕುಣಿಯುತ್ತಿದ್ದ ಸೇಠರು ಬೆವರು ಒರೆಸಿಕೊಳ್ಳುತ್ತ ಬಂದರು.

"ಏನ್ರಿ ಇದು! ಬ್ಯಾಂಡಿನವರು ಈಗರೆ ಹಾರ್ನಿಗೆ ತಾಳ ಹಿಡಿದಿದ್ರು. ಯಾಕ ಬಂದ್ ಮಾಡಿದ್ರಿ? ಮತ್ತ ಹಚ್ರಿ!"

ಹಚ್ಚಲು ಇದ್ದದ್ದು ಒಂದೇ ದಾರಿ. ಸೋದರಮಾವನನ್ನು ಕೆಳಗಿಳಿಸಿ, ಅಲಾರಂ ಮತ್ತೆ ಸಜ್ಜಾಗಲೆಂದು ಬಾಗಿಲು ಹಾಕಿ, ಇಡೀ ಮೆರವಣಿಗೆಯ ಎದುರು ನಾನೇ ಕಳ್ಳನಾಗಿ, ಬಟನ್ ಒತ್ತದೆ ಕಾರಿನೊಳಗೆ ನುಗ್ಗಿದೆ.